ಕೆಂಪು ಕಾರ್ಡ್ ಹಿಡಿದು ಇಸವಿ ಹುಡುಕಿದ್ದು

ನಮ್ಮೂರ ಫುಟ್‌ಬಾಲ್ ಕ್ಲಬ್ಬಿನ ಇತಿಹಾಸ ಬರೆದುಕೊಡು ಎಂದಾಗ ಒಂದು ತಿಂಗಳ ಕೆಲಸ ಅಂದುಕೊಂಡಿದ್ದೆ. ಆಡುವಾಗ ನಾನು ಲೆಫ್ಟ್ ಬ್ಯಾಕ್, ಬರೆದು ಅಭ್ಯಾಸವಿಲ್ಲ. ಎರಡು ವರ್ಷ ಹಿಡಿಯಿತು.

ಶುರು ಮಾಡಿದ್ದೇ ತಪ್ಪು ಜಾಗದಲ್ಲಿ. ಕಪಾಟಿನಲ್ಲಿದ್ದ ಟ್ರೋಫಿಗಳನ್ನೆಲ್ಲ ಇಳಿಸಿ, ಧೂಳು ಒರೆಸಿ, ಮೇಲಿದ್ದದ್ದನ್ನು ಬರೆದುಕೊಂಡೆ. ಅರ್ಧದಷ್ಟರ ಮೇಲೆ ಅಕ್ಷರ ಸವೆದುಹೋಗಿತ್ತು. ಉಳಿದವುಗಳಲ್ಲಿ ಬರೀ ‘ರನ್ನರ್ಸ್’.

ಆಮೇಲೆ ಹಳೆ ಆಟಗಾರರ ಹತ್ತಿರ ಹೋದೆ. ಕ್ಲಬ್ ಶುರುವಾದದ್ದು ಯಾವಾಗ ಅಂತ ಕೇಳಿದರೆ ಐದು ಜನ ಐದು ಇಸವಿ ಹೇಳಿದರು. ಮೊದಲನೆಯದಕ್ಕೂ ಕೊನೆಯದಕ್ಕೂ ಹತ್ತು ವರ್ಷ ವ್ಯತ್ಯಾಸ! ಸುಳ್ಳು ಯಾರೂ ಹೇಳುತ್ತಿರಲಿಲ್ಲ. ತಾನು ಮೊದಲು ಮೈದಾನಕ್ಕಿಳಿದ ವರ್ಷವೇ ಪ್ರತಿಯೊಬ್ಬರಿಗೂ ಕ್ಲಬ್ ಹುಟ್ಟಿದ ವರ್ಷ. ಇಸವಿ ಕೇಳುವುದನ್ನೇ ಬಿಟ್ಟೆ. ಚೆಂಡು ಹೇಗಿತ್ತು, ಗೋಲ್ ಕಂಬಕ್ಕೆ ಬಲೆ ಇತ್ತಾ, ಗೆರೆ ಎಳೆಯುತ್ತಿದ್ದದ್ದು ಯಾರು ಅಂತ ಕೇಳತೊಡಗಿದೆ. ಆಗ ಮಾತು ಬಂತು ನೋಡಿ.

ಒಬ್ಬರು 1965ರ ಪಂದ್ಯದಲ್ಲಿ ನಮ್ಮ ಕ್ಯಾಪ್ಟನ್‌ಗೆ ಕೆಂಪು ಕಾರ್ಡ್ ಸಿಕ್ಕಿತ್ತು ಅಂದರು. “ರೆಫರಿ ಜೇಬಿಂದ ತೆಗೆದದ್ದು ನಾನೇ ನೋಡಿದ್ದೀನಿ.” ಆದರೆ ವಿಶ್ವಕಪ್‌ಗೇ ಕಾರ್ಡ್ ಬಂದದ್ದು 1970ರಲ್ಲಿ. ಆ ಸಲ ಕೆಂಪು ಕಾರ್ಡ್ ಒಂದೂ ಹೊರಗೆ ಬರಲಿಲ್ಲ, ಮೊದಲನೆಯದು 1974ರಲ್ಲಿ. ಅಷ್ಟು ಮಾತ್ರಕ್ಕೆ ಇವರ ಕಥೆಯೇ ಸುಳ್ಳು ಅನ್ನುವ ಹಾಗಿಲ್ಲ. ಕಾರ್ಡ್ ಬರುವ ಮೊದಲೂ ರೆಫರಿ ಆಟಗಾರನನ್ನು ಹೊರಗೆ ಹಾಕುತ್ತಿದ್ದ, ಬಾಯಲ್ಲಿ ಹೇಳಿ ಕೈ ತೋರಿಸುತ್ತಿದ್ದ, ಅಷ್ಟೇ. ಇದನ್ನು ಹೇಳಿದಾಗ ಅವರಿಗೆ ಬೇಜಾರಾಯಿತು. ಮುಂದಿನ ವಾರ ಅವರೇ ಕರೆದರು. “ಕಾರ್ಡ್ ಇರಲಿಲ್ಲ ಕಣಪ್ಪ. ಹೀಗೆ ಬೆರಳು ಮಾಡಿ ತೋರಿಸಿದ.” ಕೂತಲ್ಲೇ ತೋಳು ಚಾಚಿ ಬಾಗಿಲ ಕಡೆ ತೋರಿಸಿದರು. ಪುಸ್ತಕದಲ್ಲಿ ಪಂದ್ಯ ಉಳಿಯಿತು, ಕಾರ್ಡ್ ಹೋಯಿತು.

ಇನ್ನೊಂದು ತಲೆನೋವು ಗೋಡೆಯ ಮೇಲಿದ್ದ ‘ಮೊದಲ ತಂಡ’ದ ಫೋಟೊ. ಹನ್ನೊಂದು ಜನ ಕೈಕಟ್ಟಿ ನಿಂತಿದ್ದಾರೆ, ಮುಂದೆ ಚೆಂಡು. ಭೂತಗನ್ನಡಿ ಹಿಡಿದು ನೋಡಿದೆ: ಬಿಳಿ ಚೆಂಡಿನ ಮೇಲೆ ಐದು ಮೂಲೆಯ ಕಪ್ಪು ತುಂಡುಗಳು. ಆ ಕಪ್ಪು-ಬಿಳುಪು ಚೆಂಡು ಲೋಕಕ್ಕೆಲ್ಲ ಪರಿಚಯವಾದದ್ದು 1970ರ ವಿಶ್ವಕಪ್‌ನಲ್ಲಿ ಆಡಿದ ಟೆಲ್‌ಸ್ಟಾರ್ ಎಂಬ ಚೆಂಡಿನಿಂದ. ಕಪ್ಪು-ಬಿಳುಪು ಟಿ.ವಿ.ಯಲ್ಲಿ ಚೆನ್ನಾಗಿ ಕಾಣಲಿ ಅಂತ ಮಾಡಿದ್ದು, 12 ಕಪ್ಪು, 20 ಬಿಳಿ ತುಂಡು. ಲೇಸ್ ಕಟ್ಟಿದ ಕಂದು ಚೆಂಡಲ್ಲಿ ಆಡಿದೆವು ಎನ್ನುವ ಮೊದಲ ತಂಡದ ಮುಂದೆ ಅದು ಹೇಗೆ ಬಂತು? ಫೋಟೊದ ಅಡಿಬರಹ ಬದಲಿಸಿದೆ. ಇಬ್ಬರು ನನ್ನ ಜೊತೆ ಮಾತು ಬಿಟ್ಟರು.

ಕೊನೆಗೆ ನಿಜವಾದ ನಿಧಿ ಸಿಕ್ಕಿದ್ದು ಹಳೆ ಕಾರ್ಯದರ್ಶಿಯೊಬ್ಬರ ಮನೆಯ ಟ್ರಂಕಿನಲ್ಲಿ: ಕ್ಲಬ್ಬಿನ ಲೆಕ್ಕದ ಪುಸ್ತಕ. ಈಗಲೂ ಇರುವ ಫುಟ್‌ಬಾಲ್ ಕ್ಲಬ್‌ಗಳಲ್ಲಿ ಅತ್ಯಂತ ಹಳೆಯದು ಇಂಗ್ಲೆಂಡಿನ 1857ರ ಶೆಫೀಲ್ಡ್ ಕ್ಲಬ್. ಅವರ ಕೈಬರಹದ ನಿಯಮಗಳು ಇವತ್ತಿಗೂ ಉಳಿದಿವೆ. ನಮ್ಮದೂ ಹಾಗೇ ಉಳಿದಿತ್ತು, ಅರ್ಧ ಗೆದ್ದಲು ತಿಂದಿತ್ತು ಅಷ್ಟೇ. ಚೆಂಡಿನೊಳಗೆ ಗಾಳಿ ತುಂಬುವ ಬ್ಲಾಡರ್‌ಗೆ ಇಷ್ಟು, ಸುಣ್ಣಕ್ಕೆ ಇಷ್ಟು, ಬಲೆಗೆ ಹಗ್ಗ. ಒಂದು ಕಡೆ ಹೀಗಿತ್ತು: ‘ಬೂಟು ಒಂದು ಜೊತೆ, ಇಬ್ಬರಿಗೆ.’ ಇದೇನು ಅಂತ ಕೇಳಿದರೆ ಎಲ್ಲರೂ ನಕ್ಕರು. ಬಲಗಾಲಲ್ಲಿ ಒದೆಯುವವನಿಗೆ ಬಲದ್ದು, ಎಡಗಾಲಿನವನಿಗೆ ಎಡದ್ದು! ನನ್ನ ಪ್ರಕಾರ ಇಡೀ ಪುಸ್ತಕದಲ್ಲಿ ಅದಕ್ಕಿಂತ ಒಳ್ಳೆಯ ಸಾಲಿಲ್ಲ.

ನಡುವೆ ಎರಡು ವರ್ಷ ಪುಟಗಳು ಖಾಲಿ. ಆಗ ಜಗಳವಾಗಿ ಕ್ಲಬ್ ಇಬ್ಭಾಗವಾಗಿತ್ತು. ಅದೆಲ್ಲ ಯಾಕೆ ಈಗ, ಸುಮ್ನೆ ಬಿಡು ಅಂದರು. ಬಿಡಲಿಲ್ಲ, ಹೆಸರು ಹಾಕದೆ ಬರೆದೆ.

ಲೆಕ್ಕದ ಪುಸ್ತಕದ ಮೊದಲ ಸಾಲು ಚೆಂಡು ಕೊಂಡ ಖರ್ಚು, ಪಕ್ಕದಲ್ಲಿ ತಾರೀಖು. ಅದನ್ನೇ ಕ್ಲಬ್ ಹುಟ್ಟಿದ ದಿನ ಅಂತ ಹಾಕಿದೆ. ಐವರಲ್ಲಿ ನಾಲ್ವರು ಇನ್ನೂ ಒಪ್ಪಿಲ್ಲ.