ಬಂಪರ್ ಒಳಗಿನ ಸಂದು ಮುಚ್ಚಿದೆ, ಇಕೋಬೂಸ್ಟ್ ಘಾಟಿ ಹತ್ತಿತು: ನನ್ನ ಅನುಭವ

ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಮುಟ್ಟದೆ, ಬೂಸ್ಟ್ (ಟರ್ಬೊ ಎಂಜಿನ್‌ಗೆ ತಳ್ಳುವ ಗಾಳಿಯ ಒತ್ತಡ) ಏರಿಸದೆ, ಬರೀ ಬಂಪರ್ ಒಳಗಿನ ಸಂದು ಮುಚ್ಚಿ ಟರ್ಬೊ ಕಾರಿನ ಪಿಕಪ್ ವಾಪಸ್ ತರಬಹುದು ಅಂದಾಗ ನಮ್ಮ ಕಾರು ಗೆಳೆಯರ ಗುಂಪಿನಲ್ಲಿ ಯಾರೂ ಒಪ್ಪಲಿಲ್ಲ. "ಸ್ಪಂಜು ಅಂಟಿಸಿದ್ರೆ ಕಾರು ಓಡುತ್ತಾ ಮಾರಾಯ?" ಅಂತ ಕೇಳಿದವರೇ ಜಾಸ್ತಿ. ಈಗ ಎರಡು ಬೇಸಿಗೆ ಕಳೆದಿದೆ. ಲಾಗ್, ಅಂದರೆ ಕಾರಿನ ಸೆನ್ಸರ್‌ಗಳ ಅಂಕಿ ದಾಖಲೆ, ಎಲ್ಲ ಫೋನಿನಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಕಾರು 2014ರ ಫೋರ್ಡ್ ಇಕೋಸ್ಪೋರ್ಟ್, 1.0 ಇಕೋಬೂಸ್ಟ್ (ಫೋರ್ಡ್‌ನ ಟರ್ಬೊ ಪೆಟ್ರೋಲ್ ಎಂಜಿನ್), 5 ಗೇರಿನದು. 999 ಸಿಸಿ, ಮೂರು ಸಿಲಿಂಡರ್, 125 ಪಿಎಸ್, 170 ಎನ್‌ಎಂ. ನಾನು ಕೊಂಡಿದ್ದು 2022ರಲ್ಲಿ. ಭಾರತದಲ್ಲಿ ಕಾರು ಮಾಡುವುದನ್ನು ನಿಲ್ಲಿಸುತ್ತೇವೆ ಅಂತ ಕಂಪನಿ 2021ರ ಸೆಪ್ಟೆಂಬರ್‌ನಲ್ಲಿ ಹೇಳಿದ ಮೇಲೆ ಹಳೇ ಗಾಡಿಗಳ ರೇಟು ಬಿದ್ದಿತ್ತು. ನನಗೆ 3 ಲಕ್ಷದ 40 ಸಾವಿರಕ್ಕೆ ಸಿಕ್ಕಿತು. ಸುಮಾರು 68 ಸಾವಿರ ಕಿ.ಮೀ. ಓಡಿತ್ತು.

ಮೊದಲ ಖರ್ಚು ಟೈಮಿಂಗ್ ಬೆಲ್ಟ್. ಈ ಎಂಜಿನ್‌ನಲ್ಲಿ ಬೆಲ್ಟ್ ಆಯಿಲ್ ಒಳಗೇ ಓಡುತ್ತದೆ, ಅದಕ್ಕೇ ಸರಿಯಾದ ಆಯಿಲ್ ಬಹಳ ಮುಖ್ಯ. ಹಿಂದಿನವರು ಯಾವ ಆಯಿಲ್ ಹಾಕಿಸಿದ್ದರೋ ಖಾತ್ರಿ ಇರಲಿಲ್ಲ. ಕಾಯುವುದು ಬೇಡ ಅಂತ ಬೆಲ್ಟ್ ಬದಲಿಸಿ, ಸಂಪ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಬಿಚ್ಚಿಸಿ ಅದರ ಸ್ಟ್ರೇನರ್ ಜರಡಿ ತೊಳೆಸಿದೆ. ಸಾಮಾನು, ಕೂಲಿ ಎಲ್ಲ ಸೇರಿ 45 ಸಾವಿರದ ಹತ್ತಿರ ಆಯಿತು. ಅಲ್ಲಿಂದ ಈಚೆಗೆ 5W-20 ಆಯಿಲ್ ಬಿಟ್ಟು ಬೇರೆ ಹಾಕಿಲ್ಲ, ಆಯಿಲ್ ಬದಲಿಸುವುದನ್ನು 7,500 ಕಿ.ಮೀ. ದಾಟಿಸಿಲ್ಲ. ಈ ಕೆಲಸ ಆಗದ ಇಕೋಬೂಸ್ಟ್‌ಗೆ ಪಿಕಪ್ ಮಾತು ಆಡುವುದೇ ಬೇಡ.

ತೊಂದರೆ ಶುರುವಾಗಿದ್ದು ಮಾರ್ಚ್‌ನಲ್ಲಿ. ಬೆಳ್ತಂಗಡಿಯಿಂದ ಮೂಡಿಗೆರೆಗೆ ಮಧ್ಯಾಹ್ನ ಬರುವಾಗ ಚಾರ್ಮಾಡಿ ಘಾಟಿಯ ಮೊದಲ ತಿರುವುಗಳಲ್ಲಿ ಗಾಡಿ ಚೆನ್ನಾಗಿ ಎಳೆಯುತ್ತಿತ್ತು. ಅರ್ಧ ಘಾಟಿ ಆಗುವಷ್ಟರಲ್ಲಿ ಮಂಕಾಗುತ್ತಿತ್ತು. ಎರಡನೇ ಗೇರಿನಲ್ಲಿ ಪೂರ್ತಿ ಒತ್ತಿದರೂ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ. ಅದೇ ಕಾರು ಜುಲೈ ಮಳೆಯಲ್ಲಿ ಅದೇ ಘಾಟಿಯನ್ನು ಸಲೀಸಾಗಿ ಹತ್ತುತ್ತಿತ್ತು. ಉತ್ತರ ಅದರಲ್ಲೇ ಇತ್ತು. ನಾನು ಗಮನಿಸಲಿಲ್ಲ, ದುಡ್ಡು ಸುರಿಯಲು ಹೊರಟೆ.

ಮೊದಲು ಟ್ಯೂನಿಂಗ್ ಬಾಕ್ಸ್, 18 ಸಾವಿರ. ಬೂಸ್ಟ್ ಜಾಸ್ತಿ ಆಗುವಂತೆ ಬೂಸ್ಟ್ ಸೆನ್ಸರ್‌ನ ವೈರಿಗೆ ನಡುವೆ ಸಿಕ್ಕಿಸುವಂಥದ್ದು. ಎರಡು ದಿನ ಕಾರು ಹಾರಿತು. ಮೂರನೇ ದಿನ ಘಾಟಿಯಲ್ಲಿ ಚೆಕ್ ಎಂಜಿನ್ ಲೈಟ್ ಬಂತು, ಲಿಂಪ್ ಮೋಡ್‌ಗೆ (ಎಂಜಿನ್ ತನ್ನನ್ನು ಕಾಪಾಡಿಕೊಳ್ಳಲು ಶಕ್ತಿ ಇಳಿಸುವ ಸ್ಥಿತಿ) ಹೋಯಿತು. ಘಾಟಿಯ ಮಲಯಮಾರುತ ಅನ್ನುವ ಜಾಗದ ಹತ್ತಿರ ಒಂದು ಗಂಟೆ ನಿಂತಿದ್ದೆ. ಬಾಕ್ಸ್ ಬಿಚ್ಚಿ 7 ಸಾವಿರಕ್ಕೆ ಮಾರಿದೆ. ಆಮೇಲೆ ಎಂಜಿನ್‌ಗೆ ಗಾಳಿ ಎಳೆಯುವ ಕೋನ್ ಫಿಲ್ಟರ್, 4,500. ಸದ್ದು ಬಹಳ ಚೆಂದ, ಆದರೆ ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆದುಕೊಳ್ಳುತ್ತಿತ್ತು. ಅದೂ ಹೋಯಿತು. ನಂತರ 17 ಇಂಚಿನ ಅಲಾಯ್, ಟೈರ್ ಸೇರಿ 60 ಸಾವಿರ ಚಿಲ್ಲರೆ. ಒಂದೊಂದು ಚಕ್ರವೂ ಹಳೆಯದಕ್ಕಿಂತ ಮೂರು ಕಿಲೋ ಜಾಸ್ತಿ ತೂಗುತ್ತಿತ್ತು. ಪಿಕಪ್ ಇನ್ನೂ ಕೆಟ್ಟಿತು. ಅದನ್ನು ಅರ್ಧ ಬೆಲೆಗೆ ಕೊಟ್ಟು ವಾಪಸ್ 16 ಇಂಚಿನ 205/60 ಆರ್16 ಟೈರಿಗೆ ಬಂದೆ.

ಒಬ್ಬರು ಎಂಜಿನ್‌ನ ಮುಂದಿನ ಪುಲ್ಲಿ (ಬೆಲ್ಟ್ ತಿರುಗಿಸುವ ಗಾಲಿ) ಬದಲಿಸಿ ಹಗುರದ್ದು ಹಾಕಿಸು ಅಂದರು. ಅದೊಂದಕ್ಕೆ ನಾನು ಒಪ್ಪಲಿಲ್ಲ. ಈ ಎಂಜಿನ್‌ನಲ್ಲಿ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟ್ ಇಲ್ಲ. ಮೂರು ಸಿಲಿಂಡರಿನ ನಡುಕವನ್ನು ತಡೆಯಲು ಫ್ಲೈವೀಲ್ ಮತ್ತು ಮುಂದಿನ ಪುಲ್ಲಿಯ ತೂಕವನ್ನು ಬೇಕೆಂದೇ ಒಂದು ಕಡೆಗೆ ಏರುಪೇರು ಮಾಡಿದ್ದಾರೆ. ಸಮತೂಕದ ಹಗುರ ಪುಲ್ಲಿ ಹಾಕಿದರೆ ಡ್ಯಾಶ್‌ಬೋರ್ಡ್ ಪೂರ್ತಿ ನಡುಗುತ್ತದೆ.

ಕೊನೆಗೆ ದೊಡ್ಡ ಇಂಟರ್‌ಕೂಲರ್, ಅಂದರೆ ಟರ್ಬೊ ಹಿಂಡಿದ ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ರೇಡಿಯೇಟರ್‌ನಂಥದ್ದು. ಫಿಯೆಸ್ಟಾಗೆ ಮಾಡಿದ್ದು, ಹೊರದೇಶದಿಂದ ತರಿಸಿದೆ. ಕಸ್ಟಮ್ಸ್ ಸೇರಿ 38 ಸಾವಿರ. ಬ್ರಾಕೆಟ್ ಕತ್ತರಿಸಿ, ಹೋಸ್ ಬದಲಿಸಿ ಎರಡು ದಿನ ಕೂತು ಹಾಕಿದೆವು. ಅಷ್ಟು ಹೊತ್ತಿಗೆ ಕಾರಿನ ಕಂಪ್ಯೂಟರಿಗೆ ಸಿಕ್ಕಿಸುವ ಬ್ಲೂಟೂತ್ ಒಬಿಡಿ ಡಾಂಗಲ್ ತಂದು ಫೋರ್‌ಸ್ಕ್ಯಾನ್ ಆ್ಯಪ್‌ನಲ್ಲಿ ಲಾಗ್ ತೆಗೆಯಲು ಶುರು ಮಾಡಿದ್ದೆ. ಹಳೇ ಇಂಟರ್‌ಕೂಲರ್‌ನಲ್ಲಿ ಘಾಟಿ ಅರ್ಧಕ್ಕೆ ಚಾರ್ಜ್ ಏರ್ (ಇಂಟರ್‌ಕೂಲರ್ ದಾಟಿ ಎಂಜಿನ್‌ಗೆ ಹೋಗುವ ಗಾಳಿ) 74 ಡಿಗ್ರಿ. ಹೊಸದರಲ್ಲಿ 71. ಅಷ್ಟು ದುಡ್ಡಿಗೆ ಮೂರು ಡಿಗ್ರಿ!

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಂಟರ್‌ಕೂಲರ್ ಇಷ್ಟು ದೊಡ್ಡದಾದರೂ ಬಿಸಿ ಇಳಿಯದಿದ್ದರೆ ಅದರೊಳಗೆ ಹೊರಗಿನ ಗಾಳಿಯೇ ಹೋಗುತ್ತಿಲ್ಲ ಅಂತ ಅರ್ಥ ಅಲ್ವಾ?

ಇದನ್ನು ಕಣ್ಣಲ್ಲೇ ನೋಡಬೇಕು ಅನ್ನಿಸಿತು. ಮನೆಯಲ್ಲಿ ಸ್ವೆಟರ್ ಹೆಣೆಯುವ ಉಲ್ಲನ್ ಇತ್ತು. ಎರಡೆರಡು ಇಂಚು ಕತ್ತರಿಸಿ ಇಂಟರ್‌ಕೂಲರ್ ಮುಖಕ್ಕೆ, ಅದರ ಎರಡೂ ಪಕ್ಕಕ್ಕೆ, ಕೆಳಗೆ ಅಂಟಿಸಿದೆ. ಹಳೇ ಫೋನನ್ನು ಬಂಪರ್ ಒಳಗೆ ಕಟ್ಟಿ, ಒಂದು ಸಣ್ಣ ಎಲ್‌ಇಡಿ ಇಟ್ಟು ವಿಡಿಯೋ ಹಾಕಿ 50ರ ವೇಗದಲ್ಲಿ ಓಡಿಸಿದೆ. ಮನೆಗೆ ಬಂದು ನೋಡಿದರೆ, ಇಂಟರ್‌ಕೂಲರ್ ಮುಖದ ಮೇಲಿನ ದಾರಗಳು ಸುಮ್ನೆ ಜೋತುಬಿದ್ದಿವೆ. ಪಕ್ಕದ ಸಂದಿನಲ್ಲಿದ್ದ ದಾರಗಳು ನೆಟ್ಟಗೆ ಹಿಂದಕ್ಕೆ ಚಾಚಿಕೊಂಡಿವೆ. ಗಾಳಿ ಎಲ್ಲ ಆ ಕಡೆಯಿಂದಲೇ ಜಾರಿ ಹೋಗುತ್ತಿತ್ತು.

ಗದ್ದೆಗೆ ನೀರು ಕಟ್ಟುವವರಿಗೆ ಇದು ಹೊಸದಲ್ಲ. ಬದುವಿನಲ್ಲಿ ಒಂದು ಏಡಿ ಬಿಲ ಇದ್ದರೆ ಸಾಕು, ಗದ್ದೆ ತುಂಬುವುದೇ ಇಲ್ಲ. ಇಂಟರ್‌ಕೂಲರ್ ಫಿನ್‌ಗಳ ನಡುವೆ ನುಗ್ಗುವುದು ಗಾಳಿಗೆ ಕಷ್ಟ. ಪಕ್ಕದಲ್ಲಿ ಎರಡು ಬೆರಳು ಸಂದು ಇದ್ದರೆ ಅಲ್ಲೇ ಹೋಗುತ್ತದೆ. ಹಿಂದಿನ ಮಾಲೀಕರ ಕಾಲದಲ್ಲಿ ಎಲ್ಲೋ ಬಂಪರ್ ಬದಲಾಗಿದೆ. ಆಗ ಗಾಳಿಯನ್ನು ಒಳಗೆ ತಿರುಗಿಸುವ ಎರಡೂ ಕಡೆಯ ಪ್ಲಾಸ್ಟಿಕ್ ಹಾಳೆಗಳನ್ನು, ಕೆಳಗಿನ ಅಂಡರ್‌ಟ್ರೇಯನ್ನು ವಾಪಸ್ ಹಾಕಿಯೇ ಇಲ್ಲ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ನಮ್ಮ ಕಡೆ ಇದರ ಪೆಟ್ಟು ಇನ್ನೂ ಜೋರು. ಮೂಡಿಗೆರೆ 900 ಮೀಟರ್‌ಗೂ ಮೇಲಿದೆ. ಕರಾವಳಿಗಿಂತ ಗಾಳಿಯ ಒತ್ತಡ ಹೆಚ್ಚೂ ಕಡಿಮೆ ಹತ್ತರಲ್ಲಿ ಒಂದು ಪಾಲು ಕಡಿಮೆ. ಅಷ್ಟೇ ಬೂಸ್ಟ್ ಕೊಡಲು ಟರ್ಬೊ ಜಾಸ್ತಿ ತಿರುಗಬೇಕು, ಗಾಳಿಯನ್ನು ಜಾಸ್ತಿ ಹಿಂಡಬೇಕು. ಹಿಂಡಿದಷ್ಟೂ ಬಿಸಿ. ಬಿಸಿ ಕಂಡ ಇಸಿಯು ನಾಕ್ (ಪೆಟ್ರೋಲ್ ತಾನಾಗೇ ಸಿಡಿದು ಎಂಜಿನ್ ಬಡಿಯುವುದು) ಬರದಿರಲಿ ಅಂತ ಟೈಮಿಂಗ್, ಅಂದರೆ ಸ್ಪಾರ್ಕ್ ಹೊಡೆಯುವ ಹೊತ್ತನ್ನು, ಹಿಂದಕ್ಕೆ ಎಳೆಯುತ್ತದೆ; ಅದರಿಂದ ಶಕ್ತಿ ಇಳಿಯುತ್ತದೆ. ನನ್ನ ಲಾಗ್‌ನಲ್ಲಿ ಆರು ಡಿಗ್ರಿವರೆಗೂ ಎಳೆದಿತ್ತು. ಹಿಂದಿನಿಂದ ಹಿಡಿದುಕೊಂಡ ಹಾಗೆ ಅನ್ನಿಸುತ್ತಿದ್ದುದು ಇದೇ.

ಗುಜರಿಯಲ್ಲಿ ಹುಡುಕಿದೆ. ಎಡಗಡೆಯ ಹಾಳೆ ಒಂದು ಸಿಕ್ಕಿತು, ಅದೂ ಒಡೆದಿತ್ತು. ಅಳತೆಗೆ ಸಾಕಾಯಿತು. ಮೊದಲ ಸಲ ಸೀಟಿಗೆ ಹಾಕುವ ಫೋಮ್ ತುರುಕಿದೆ. ಒಂದೇ ಮಳೆಗೆ ನೀರು ಕುಡಿದು ಕೆಳಗೆ ಬಿತ್ತು. ಎರಡನೇ ಸಲ ಬೋರ್ಡ್ ಬರೆಯುವ ಸನ್‌ಪ್ಯಾಕ್ ಶೀಟ್. ಹಾಸನದ ಹೈವೇಯಲ್ಲಿ ಹಾರಿಹೋಯಿತು. ಮೂರನೇ ಸಲ ಒಂದು ಎಂಎಂ ಅಲ್ಯೂಮಿನಿಯಂ ಶೀಟ್ ಬಗ್ಗಿಸಿ, ಅಂಚಿಗೆ ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಬೀಡಿಂಗ್ ಸಿಕ್ಕಿಸಿ, ರಿವೆಟ್ ಹೊಡೆದೆ. ಕೆಳಗಿನ ಟ್ರೇ ಕೂಡ ಹಾಗೇ ಮಾಡಿದೆ. ಎಲ್ಲ ಸೇರಿ ಖರ್ಚು 1,600 ರೂಪಾಯಿ ಇರಬೇಕು.

ಅಲ್ಲೂ ಒಂದು ತಪ್ಪಾಯಿತು. ಸಿಕ್ಕಿದ ಸಂದನ್ನೆಲ್ಲ ಮುಚ್ಚಿಬಿಟ್ಟಿದ್ದೆ. ಚಾರ್ಜ್ ಏರ್ 54ಕ್ಕೆ ಇಳಿಯಿತು ಅಂತ ಕುಣಿದೆ. ಆದರೆ ಹಾಸನದ ಟ್ರಾಫಿಕ್‌ನಲ್ಲಿ ಎಸಿ ತಣ್ಣಗಾಗಲಿಲ್ಲ, ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ) 104 ಡಿಗ್ರಿಗೆ ಹೋಯಿತು, ಫ್ಯಾನ್ ನಿಲ್ಲಲೇ ಇಲ್ಲ. ಇಂಟರ್‌ಕೂಲರ್‌ಗೆ ಸಿಕ್ಕ ಗಾಳಿ ಹಿಂದಿನ ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ಬಿಸಿಯಾಗಿಯೇ ಹೋಗುತ್ತಿತ್ತು. ಅವುಗಳಿಗೆ ಅಂತ ಮೇಲ್ಗಡೆ ಒಂದು ಸೀಳು ಬಿಡಬೇಕು. ಎಷ್ಟು ಅಗಲ ಬಿಡಬೇಕು ಅನ್ನುವುದಕ್ಕೆ ನನಗೆ ಎರಡು ತಿಂಗಳು, ಏಳು ಶೀಟು ಹಿಡಿಯಿತು. ಆ ಅಳತೆಯನ್ನು, ಕೆಳ ತುಟಿಯ ಬಾಗನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ದುಡಿಮೆ. ಹಾಗೇ ಸ್ಪಾರ್ಕ್ ಪ್ಲಗ್ ಗ್ಯಾಪ್ ಸ್ವಲ್ಪ ಕಡಿಮೆ ಮಾಡಿದ್ದೇನೆ, ಅದರ ಅಂಕಿಯೂ ನನ್ನ ಹತ್ತಿರವೇ ಇರಲಿ.

ಈಗ ಅಂಕಿ. ಒಂದೇ ಏರು ರಸ್ತೆ, ನೇರ ಭಾಗ, ಬೆಳಗ್ಗೆ ವಾಹನ ಇಲ್ಲದ ಹೊತ್ತು, ಪಕ್ಕದಲ್ಲಿ ಗೆಳೆಯ ಫೋನ್ ಹಿಡಿದು ಕೂತಿದ್ದ. ಮೂರನೇ ಗೇರಿನಲ್ಲಿ ಗಂಟೆಗೆ 40ರಿಂದ 80 ಕಿ.ಮೀ. ವೇಗಕ್ಕೆ. ಎಂಜಿನ್ ಕಾದ ಮೇಲೆ ಮೊದಲು 9.5 ಸೆಕೆಂಡ್ ಹತ್ತಿರ ಬರುತ್ತಿದ್ದುದು ಈಗ 8ಕ್ಕೆ ಬಂದಿದೆ. ಘಾಟಿ ಅರ್ಧಕ್ಕೆ ಚಾರ್ಜ್ ಏರ್ 57, 58. ಟೈಮಿಂಗ್ ಎರಡು ಡಿಗ್ರಿಗಿಂತ ಜಾಸ್ತಿ ಹಿಂದಕ್ಕೆ ಹೋಗುತ್ತಿಲ್ಲ. ಇಂಟರ್‌ಕೂಲರ್ ಯಾವುದು ಗೊತ್ತಾ? ಕಂಪನಿಯದೇ. ದೊಡ್ಡದನ್ನು ಬಿಚ್ಚಿ ಹಳೆಯದನ್ನೇ ವಾಪಸ್ ಹಾಕಿ ಈ ಅಂಕಿ ತೆಗೆದಿದ್ದೇನೆ. ಇದು ನನಗೆ ನಿಜಕ್ಕೂ ಹೆಮ್ಮೆಯ ವಿಷಯ. ಒಂದು ಮಾತು ಸರಿಯಾಗಿ ಹೇಳಬೇಕು. ಬೆಳಗಿನ ಚಳಿಯಲ್ಲಿ, ತಣ್ಣಗಿನ ಎಂಜಿನ್‌ನಲ್ಲಿ ಅಳೆದರೆ ಮೊದಲಿಗೂ ಈಗಿಗೂ ವ್ಯತ್ಯಾಸವೇ ಇಲ್ಲ. ಲಾಭ ಇರುವುದು ಕಾದ ಮೇಲೆ ಮಾತ್ರ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ವೈಪರ್‌ನ ನೀರಿನ ಮೋಟಾರಿನಿಂದ ಒಂದು ಪೈಪ್ ಎಳೆದು ಇಂಟರ್‌ಕೂಲರ್ ಮೇಲೆ ಮಂಜಿನಂತೆ ನೀರು ಸಿಂಪಡಿಸಿದೆ. ಎಂಟು ಡಿಗ್ರಿ ಇಳಿಯಿತು, ಆದರೆ ಅರ್ಧ ನಿಮಿಷ ಅಷ್ಟೇ. ಅರಸೀಕೆರೆ ಕಡೆ ಹೋದಾಗ ಬೋರ್‌ವೆಲ್ ನೀರು ತುಂಬಿಸಿದ್ದೆ. ಫಿನ್ ಮೇಲೆ ಬಿಳಿ ಸುಣ್ಣ ಕಟ್ಟಿತು. ಅದನ್ನು ಬ್ರಷ್‌ನಲ್ಲಿ ತೆಗೆಯಲು ಒಂದು ಭಾನುವಾರ ಹೋಯಿತು. ಮಾಡುವವರು ಮಳೆ ನೀರು ಹಾಕಿ.

ಪೆಟ್ರೋಲಿನದೂ ನೋಡಿದೆ. ಬೆಂಗಳೂರಿಗೆ ಹೋದಾಗ ಇಂಡಿಯನ್ ಆಯಿಲ್‌ನ 100 ಆಕ್ಟೇನ್ ಎಕ್ಸ್‌ಪಿ100 ಹಾಕಿಸಿದೆ, ಲೀಟರಿಗೆ 160 ರೂಪಾಯಿ ಆಸುಪಾಸು. ಸಂದು ಮುಚ್ಚುವ ಮೊದಲು ಅದರ ಫರಕು ಚೆನ್ನಾಗಿ ಗೊತ್ತಾಗುತ್ತಿತ್ತು. ಮುಚ್ಚಿದ ಮೇಲೆ ಮಾಮೂಲಿ ಪೆಟ್ರೋಲೂ ಅದೂ ಬಹಳ ಹತ್ತಿರ ಬಂದವು. ಈಗ ಬೇಸಿಗೆಯಲ್ಲಿ ಮಾತ್ರ 95 ಆಕ್ಟೇನ್ ಪೆಟ್ರೋಲ್ ಹಾಕಿಸುತ್ತೇನೆ.

ಕಳೆದ ವರ್ಷ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಟ್ರ್ಯಾಕ್ ಡೇಗೆ ಹೋಗಿದ್ದೆ. ಅದಕ್ಕೂ ಹಿಂದಿನ ಸಲ ಹೋದಾಗ ಎರಡನೇ ಲ್ಯಾಪಿಗೂ ಆರನೇ ಲ್ಯಾಪಿಗೂ ನಾಲ್ಕು ಸೆಕೆಂಡ್ ಕಳೆದುಕೊಂಡಿದ್ದೆ. ಅದರಲ್ಲಿ ಸ್ವಲ್ಪ ಬ್ರೇಕಿನದು, ಹಳೇ ಬ್ರೇಕ್ ಆಯಿಲ್‌ನಲ್ಲೇ ಹೋಗಿದ್ದೆ, ಪೆಡಲ್ ನೆಲಕ್ಕೆ ಹೋಗಿತ್ತು. ಈ ಸಲ ಹೊಸ ಡಾಟ್ 4 ಆಯಿಲ್, ಒಳ್ಳೆ ಪ್ಯಾಡ್, ಹೊಸ ಸಂದುಪಟ್ಟಿ. ಆರನೇ ಲ್ಯಾಪಿನಲ್ಲಿ ಕಳೆದುಕೊಂಡಿದ್ದು ಒಂದು ಸೆಕೆಂಡಿಗಿಂತ ಕಡಿಮೆ. 200 ಎಂಎಂ ಗ್ರೌಂಡ್ ಕ್ಲಿಯರೆನ್ಸ್ ಇರುವ ಎತ್ತರದ ಗಾಡಿ, ತಿರುವಿನಲ್ಲಿ ವಾಲುತ್ತದೆ, ಹಿಂದೆ ಡ್ರಮ್ ಬ್ರೇಕ್. ಆದರೂ ರಿಮ್ಯಾಪ್ (ಇಸಿಯು ಸಾಫ್ಟ್‌ವೇರ್ ಬದಲಾವಣೆ) ಮಾಡಿಸಿಕೊಂಡು ಬಂದಿದ್ದ ಇಬ್ಬರು ಕೊನೆಯ ಲ್ಯಾಪ್‌ಗಳಲ್ಲಿ ನನ್ನ ಹಿಂದೆ ಇದ್ದರು. ಸ್ಪಂಜು ಅಂದವನೂ ಅಲ್ಲೇ ಇದ್ದ. ಹೋದ ತಿಂಗಳು ಅವನ ಕಾರಿನ ಬಂಪರ್ ನಮ್ಮ ಅಂಗಳದಲ್ಲೇ ಬಿಚ್ಚಿದೆವು.

ಇನ್ನೂ ಒಂದು ಸರಿಯಾಗಬೇಕು. ಮಳೆಗಾಲದಲ್ಲಿ ಎಸ್ಟೇಟ್ ರಸ್ತೆಯ ಕೆಸರು ಕೆಳಗಿನ ಟ್ರೇಯಲ್ಲಿ ಕೂತು ಒಣಗುತ್ತದೆ, ಆ ಭಾರಕ್ಕೆ ರಿವೆಟ್ ಸಡಿಲ ಆಗುತ್ತದೆ. ಈಗ ಟ್ರೇಗೆ ಹಿಂಬದಿಯಲ್ಲಿ ನಾಲ್ಕು ತೂತು ಕೊರೆದಿದ್ದೇನೆ, ಬೀಡಿಂಗ್ ಬದಲು ಸಿಲಿಕಾನ್ ಪಟ್ಟಿ ಹಾಕಿದ್ದೇನೆ. ಜೂನ್, ಜುಲೈ ಎರಡು ತಿಂಗಳು ಓಡಿಸಿ ನೋಡಬೇಕು.