ಹೊನಲು ಬೆಳಕಿನ ಕಬಡ್ಡಿ: ಕರಪತ್ರ ಅಚ್ಚಿಗೆ ಹೋಗುವ ಮುನ್ನ

ಊರಿನ ಯುವಕ ಸಂಘ ಕಬಡ್ಡಿ ಇಡುತ್ತದೆ ಎಂದರೆ ಮೊದಲು ಸಿದ್ಧವಾಗುವುದು ಕರಪತ್ರ. ಪ್ರಥಮ 50,000, ದ್ವಿತೀಯ 30,000, ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ, ಕೆಳಗೆ ಎರಡು ಡಜನ್ ಫೋಟೊ. ಅನುಮತಿ, ಗ್ಯಾಲರಿ, ಆಂಬುಲೆನ್ಸ್ ಎಲ್ಲ ಆಮೇಲಿನ ಮಾತು. ಆದರೆ ಜಗಳ ವಕೀಲರ ಮೇಜಿಗೆ ಬಂದಾಗ ಮೊದಲು ಬಿಚ್ಚುವ ಕಾಗದವೂ ಅದೇ ಕರಪತ್ರ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಕರಪತ್ರವೇ ಕರಾರು

1872ರ ಕರಾರು ಕಾಯ್ದೆಯ 8ನೇ ಕಲಂ ಪ್ರಕಾರ, ಪ್ರಸ್ತಾಪದಲ್ಲಿ ಹೇಳಿದ ಷರತ್ತನ್ನು ಪೂರೈಸಿದವರು ಆ ಪ್ರಸ್ತಾಪವನ್ನು ಒಪ್ಪಿಕೊಂಡ ಹಾಗೆಯೇ. ಬಹುಮಾನ ಅಚ್ಚು ಹಾಕಿಸಿ ಊರೂರಿಗೆ ಹಂಚಿದ್ದೀರಿ, ತಂಡ ಪ್ರವೇಶ ಶುಲ್ಕ ಕಟ್ಟಿ ಆಡಿ ಗೆದ್ದಿದೆ. ಅಲ್ಲಿಗೆ 50,000 ನಿಮ್ಮ ಮೇಲಿನ ಸಾಲ. ‘ಈ ಸಲ ತಂಡಗಳು ಕಮ್ಮಿ ಬಂದವು, ಅರ್ಧ ತಗೊಳ್ಳಿ’ ಅನ್ನುವ ಮಾತಿಗೆ ಬೆಲೆ ಬರಬೇಕಾದರೆ ಅದು ಮೊದಲೇ ಅಚ್ಚಾಗಿರಬೇಕು. ಗೆದ್ದವರಿಗೆ ದಾವೆ ಹೂಡಲು ಮೂರು ವರ್ಷ ಕಾಲಾವಕಾಶ ಇದೆ.

ಆಟದ ಬಹುಮಾನವನ್ನೂ ಬಾಜಿಯನ್ನೂ ಕಲಸಬೇಡಿ. 30ನೇ ಕಲಂ ಬಾಜಿಯ ಕರಾರನ್ನು ಅನೂರ್ಜಿತ ಮಾಡುತ್ತದೆ ನಿಜ, ಆದರೆ ಸ್ವಂತ ಮೈಬಲದಿಂದ ಆಡಿ ಗೆಲ್ಲುವುದು ಬಾಜಿಯಲ್ಲ. 1931ರ ಕಾನೂನು ವರದಿಗಳಲ್ಲಿರುವ ಬಾಂಬೆ ಹೈಕೋರ್ಟಿನ ತೀರ್ಪೊಂದು ಇಬ್ಬರು ಪೈಲ್ವಾನರದು: ಪುಣೆಯಲ್ಲಿ ಕುಸ್ತಿ, ಅಖಾಡಕ್ಕೆ ಬಾರದವನು 500 ರೂಪಾಯಿ ತೆರಬೇಕು, ಗೆದ್ದವನಿಗೆ ಟಿಕೆಟ್ ಹಣದಲ್ಲಿ 1,125. ಒಬ್ಬ ಬರಲಿಲ್ಲ. ‘ಇದು ಬಾಜಿ’ ಅನ್ನುವ ವಾದವನ್ನು ಕೋರ್ಟು ಒಪ್ಪಲಿಲ್ಲ. ಅಂಕಣದ ಹೊರಗೆ ನಿಂತು ‘ಯಾರು ಗೆಲ್ತಾರೆ’ ಎಂದು ದುಡ್ಡು ಕಟ್ಟುವವರದು ಬೇರೆ ಕಥೆ. ಅವರ ಮೇಲೆ ಕರ್ನಾಟಕ ಪೊಲೀಸ್ ಕಾಯ್ದೆ ಬೀಳುತ್ತದೆ, ಜೊತೆಗೆ ನಿಮ್ಮ ಪಂದ್ಯಾವಳಿಯೂ ನಿಲ್ಲುತ್ತದೆ.

ಕರಪತ್ರದ ಬೆನ್ನಿಗೆ, ಫೋಟೊ ಇಲ್ಲದ ಜಾಗದಲ್ಲಿ, ಇಷ್ಟು ಅಚ್ಚು ಹಾಕಿಸಿ:

‘ಕನಿಷ್ಠ 20 ತಂಡಗಳು ನೋಂದಾಯಿಸಿದರೆ ಮಾತ್ರ ಮೇಲಿನ ಬಹುಮಾನ. 16ರಿಂದ 19 ಆದರೆ ಶೇ. 70. 16ಕ್ಕಿಂತ ಕಡಿಮೆಯಾದರೆ ಪಂದ್ಯಾವಳಿ ರದ್ದು, ಪ್ರವೇಶ ಶುಲ್ಕ ಪೂರ್ತಿ ವಾಪಸ್. ಮಳೆ ಬಂದರೆ ಮುಂದಿನ ಭಾನುವಾರ. ತೂಕ: ಚಡ್ಡಿ, ಬನಿಯನ್‌ನಲ್ಲಿ, ಬೆಳಿಗ್ಗೆ 9ರಿಂದ 11, ಒಂದೇ ಸಲ, ರಿಯಾಯಿತಿ ಇಲ್ಲ. ಆಕ್ಷೇಪಣೆ: ಪಂದ್ಯ ಮುಗಿದ 15 ನಿಮಿಷದೊಳಗೆ ನಾಯಕನ ಸಹಿಯೊಂದಿಗೆ ಬರಹದಲ್ಲಿ, 1,000 ರೂ. ಠೇವಣಿ, ಆಕ್ಷೇಪಣೆ ಸರಿಯಿದ್ದರೆ ಠೇವಣಿ ವಾಪಸ್.’

‘ತೀರ್ಪುಗಾರರ ತೀರ್ಮಾನವೇ ಅಂತಿಮ’ ಎಂಬ ಸಾಲು ಇರಲಿ. ಲಾಬಿ ತುಳಿದನೇ, ಬೋನಸ್ ಬಂತೇ ಎಂಬುದನ್ನು ಯಾವ ನ್ಯಾಯಾಧೀಶರೂ ಮರುವಿಚಾರಣೆ ಮಾಡಲು ಹೋಗುವುದಿಲ್ಲ. ಆದರೆ ‘ಯಾರೂ ಕೋರ್ಟಿಗೆ ಹೋಗುವಂತಿಲ್ಲ’ ಎಂದು ಹಾಕಿಸಿದರೆ ಅದು ಶಾಯಿ ದಂಡ. 28ನೇ ಕಲಂ ಅಂಥ ಷರತ್ತನ್ನು ಅನೂರ್ಜಿತ ಎನ್ನುತ್ತದೆ.

‘ಆಟಗಾರರ ಗಾಯಕ್ಕೆ ಸಂಘಟಕರು ಜವಾಬ್ದಾರರಲ್ಲ’ ಎಂಬ ಸಾಲನ್ನು ಎಲ್ಲರೂ ಹಾಕಿಸುತ್ತಾರೆ, ಆದರೆ ಅದರ ಬಲ ಅವರು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಕಾಲು ಹಿಡಿದಾಗ ಮಂಡಿ ತಿರುಚಿದರೆ ಅದು ಆಟದಲ್ಲೇ ಇರುವ ಅಪಾಯ, ಆಡಲು ಇಳಿದವನು ಒಪ್ಪಿಕೊಂಡೇ ಇಳಿದಿದ್ದಾನೆ. ಅಂಕಣದ ಅಂಚಿನಲ್ಲಿ ನೀವು ನೆಟ್ಟ ಲೈಟು ಕಂಬಕ್ಕೆ ತಲೆ ಹೊಡೆದರೆ ಅದು ನಿಮ್ಮ ನಿರ್ಲಕ್ಷ್ಯ, ಯಾವ ಸಾಲೂ ಕಾಯುವುದಿಲ್ಲ. 18 ತುಂಬದ ಹುಡುಗನ ಸಹಿಗಂತೂ ಕರಾರಿನ ಬೆಲೆಯೇ ಇಲ್ಲ, ಅಪ್ಪ ಅಥವಾ ಅಮ್ಮನ ಒಪ್ಪಿಗೆ ಪತ್ರ ತರಿಸಿ.

ತೂಕದ ಯಂತ್ರ

60 ಕೆ.ಜಿ. ವಿಭಾಗದ ಪಂದ್ಯಾವಳಿಯಲ್ಲಿ ಮೊದಲ ಕಿತ್ತಾಟ ಇಲ್ಲೇ. ಡಿಜಿಟಲ್ ತಕ್ಕಡಿಯನ್ನು ಮಣ್ಣಿನ ಮೇಲೋ ಜಮಖಾನದ ಮೇಲೋ ಇಟ್ಟರೆ ಕಾಲು ಹೂತು ತೂಕ ತಪ್ಪು ತೋರಿಸುತ್ತದೆ. ಸಿಮೆಂಟ್ ನೆಲ ಅಥವಾ ಅಲುಗಾಡದ ದಪ್ಪ ಹಲಗೆ ಬೇಕು. ಮುದ್ರೆ ಬಿದ್ದ 20 ಕೆ.ಜಿ.ಯ ಮೂರು ತೂಕದ ಕಲ್ಲು ತಂದು ಎಲ್ಲ ನಾಯಕರ ಎದುರು ಇಡಿ. ಸರಿಯಾಗಿ 60.0 ತೋರಿಸಿತೋ, ಅರ್ಧ ಜಗಳ ಮುಗಿಯಿತು. ತೂಕದ ಪಟ್ಟಿಯಲ್ಲಿ ಪ್ರತಿ ಆಟಗಾರನ ಸಾಲಿಗೂ ಎದುರಾಳಿ ತಂಡದವರೊಬ್ಬರ ಸಹಿ ಹಾಕಿಸಿ, ಕೈ ಮೇಲೆ ಅಳಿಸದ ಶಾಯಿಯ ಗುರುತು ಹಾಕಿ. ವಯಸ್ಸಿನ ವಿಭಾಗವಾದರೆ ಜನನ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೇಳಿ. ಆಧಾರ್ ಗುರುತಿಗೆ ಸಾಕು, ವಯಸ್ಸಿಗೆ ಸಾಲದು.

ಹತ್ತು ಗಂಟೆಯ ಲೆಕ್ಕ

‘ಹೊನಲು ಬೆಳಕಿನ’ ಎಂದು ಬರೆದ ಕ್ಷಣದಿಂದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ನಿಮ್ಮ ಬೆನ್ನಿಗೆ ಬಿದ್ದಿವೆ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಅದು ನಿಷಿದ್ಧ. ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇದೆ. ಆದರೆ ನಿಯಮದ ಪದಗಳನ್ನು ಗಮನಿಸಿ: ‘ಸಾಂಸ್ಕೃತಿಕ ಅಥವಾ ಧಾರ್ಮಿಕ ಉತ್ಸವ’. ಕ್ರೀಡೆ ಅಲ್ಲಿಲ್ಲ. ಗಣೇಶೋತ್ಸವದ ಅಂಗವಾಗಿ ಎಂದು ಸೇರಿಸಿದರೆ ತಾನಾಗಿಯೇ ಆಗುತ್ತದೆ ಎನ್ನುವವರಿದ್ದಾರೆ. ಆ ದಿನ ಸಡಿಲಿಕೆಯ ಆದೇಶ ಇದೆಯೇ ಎಂದು ಠಾಣೆಯಲ್ಲಿ ಕೇಳಿ ನೋಡಿ. ಮೈದಾನದ ಪಕ್ಕ ಆಸ್ಪತ್ರೆಯೋ ಶಾಲೆಯೋ ಕೋರ್ಟೋ ಇದ್ದರೆ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯವೆಂದು ಘೋಷಣೆಯಾಗಿದೆಯೇ ಎಂಬುದನ್ನೂ ಅಲ್ಲೇ ಕೇಳಿ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ನಾಲ್ಕು ಬೇಸ್ ಬಾಕ್ಸ್ ಇಟ್ಟ ಸೌಂಡ್ಸ್‌ನವರು ಇದನ್ನು ಕೇಳಿ ನಗುತ್ತಾರೆ. ಠಾಣೆಯಿಂದ ಫೋನ್ ಬರುವುದು ಮಾತ್ರ ಅವರಿಗಲ್ಲ, ನಿಮಗೆ.

ನಿಜವಾದ ತಪ್ಪು ಮೈಕಿನದಲ್ಲ, ಗುಣಾಕಾರದ್ದು. ಸೋತವರು ಹೊರಗೆ ಎಂಬ ಮಾದರಿಯಲ್ಲಿ 24 ತಂಡಗಳಿಗೆ 23 ಪಂದ್ಯ. ಹತ್ತು ನಿಮಿಷದ ಎರಡು ಅವಧಿ ಇಟ್ಟರೂ ವಿರಾಮ, ಟೈಮ್ ಔಟ್, ತಂಡ ಇಳಿಯುವುದು ಸೇರಿ ಒಂದು ಪಂದ್ಯಕ್ಕೆ 30 ನಿಮಿಷ. ಒಂದೇ ಅಂಕಣವಾದರೆ ಹನ್ನೊಂದೂವರೆ ಗಂಟೆ. ಸಂಜೆ 6ಕ್ಕೆ ಉದ್ಘಾಟನೆ ಎಂದು ಬರೆದು, ಮುಖ್ಯ ಅತಿಥಿ 7.30ಕ್ಕೆ ಬಂದು, ಭಾಷಣ ಮುಗಿದು 8.30ಕ್ಕೆ ಮೊದಲ ರೇಡ್ ಆದರೆ ಫೈನಲ್ ಮುಗಿಯುವುದು ಮರುದಿನ ಬೆಳಿಗ್ಗೆ 8ಕ್ಕೆ! ಎರಡು ಅಂಕಣ ಹಾಕಿ, ಮಧ್ಯಾಹ್ನ 12ಕ್ಕೆ ಆಟ ಆರಂಭಿಸಿ. ಸೆಮಿಫೈನಲ್‌ವರೆಗಿನ 20 ಪಂದ್ಯ ಸಂಜೆ 5ರ ಹೊತ್ತಿಗೆ ಮುಗಿಯುತ್ತವೆ. ದೀಪದ ಬೆಳಕಿಗೆ ಎರಡು ಸೆಮಿ, ಒಂದು ಫೈನಲ್ ಉಳಿಸಿಕೊಳ್ಳಿ, ಭಾಷಣವನ್ನೂ ಆಗಲೇ ಇಡಿ. ಹತ್ತರ ಒಳಗೆ ಟ್ರೋಫಿ ಕೈ ಸೇರಿರುತ್ತದೆ. ಟೈಸ್ ಹಾಕುವಾಗ, ಅಂದರೆ ಯಾರಿಗೆ ಯಾರು ಎದುರಾಳಿ ಎಂದು ಚೀಟಿ ಎತ್ತುವಾಗ, 32ರ ಚೌಕಟ್ಟಿನಲ್ಲಿ ಎಂಟು ಬೈ (ಆಡದೆಯೇ ಮುಂದಿನ ಸುತ್ತಿಗೆ) ಬರುತ್ತವೆ. ಚೀಟಿ ಎತ್ತುವುದನ್ನು ಎಲ್ಲರೆದುರೇ ಮಾಡಿ, ಮೊಬೈಲಿನಲ್ಲಿ ಚಿತ್ರೀಕರಿಸಿ.

ಅನುಮತಿಯ ಅರ್ಜಿ

ಕನಿಷ್ಠ 15 ದಿನ ಮೊದಲು ಕೊಡಿ, ಎರಡು ಪ್ರತಿ ಒಯ್ದು ಒಂದರ ಮೇಲೆ ಠಾಣೆಯ ಸೀಲು, ತಾರೀಖು ಹಾಕಿಸಿಕೊಳ್ಳಿ. ‘ಆಯ್ತು ಮಾಡ್ಕೊಳ್ಳಿ’ ಎಂಬ ಬಾಯಿಮಾತು ಆ ಅಧಿಕಾರಿ ವರ್ಗವಾಗಿ ಹೋದ ದಿನವೇ ಆರಿಹೋಗುತ್ತದೆ. ಅರ್ಜಿಯಲ್ಲಿ ಆರಂಭದ ಹೊತ್ತು, ಮುಗಿಯುವ ಹೊತ್ತು, ತಂಡಗಳು, ಎಷ್ಟು ಜನ ಬರಬಹುದು, ವಾಹನ ಎಲ್ಲಿ ನಿಲ್ಲುತ್ತವೆ, ದೀಪಕ್ಕೆ ಕರೆಂಟ್ ಎಲ್ಲಿಂದ, ಆಂಬುಲೆನ್ಸ್ ಯಾವುದು, ಜವಾಬ್ದಾರರಾದ ಐವರ ಹೆಸರು ಇಷ್ಟೂ ಇರಲಿ. ಜನರ ಸಂಖ್ಯೆಯನ್ನು ಕಡಿಮೆ ಬರೆಯಬೇಡಿ. 500 ಎಂದು ಬರೆದು 5,000 ಜನ ಸೇರಿಸಿದರೆ ಅನುಮತಿ ಪತ್ರವೇ ನಿಮ್ಮ ವಿರುದ್ಧದ ಸಾಕ್ಷಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡ ಮೇಲೆ ಈ ಸಂಖ್ಯೆಯನ್ನು ಯಾರೂ ಸುಮ್ಮನೆ ಓದಿ ಬಿಡುವುದಿಲ್ಲ.

ಮೈದಾನ ಯಾರದೋ ಅವರ ಲಿಖಿತ ಒಪ್ಪಿಗೆ ಅರ್ಜಿಯ ಜೊತೆಗಿರಬೇಕು: ಶಾಲೆಯದಾದರೆ ಶಿಕ್ಷಣ ಇಲಾಖೆ, ಪಂಚಾಯಿತಿಯದಾದರೆ ಪಿಡಿಒ, ತಾಲ್ಲೂಕು ಕ್ರೀಡಾಂಗಣವಾದರೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ. ಕರೆಂಟಿಗೆ ಎಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಿರಿ, ಇಲ್ಲವೇ ಜನರೇಟರ್ ತನ್ನಿ. ಕಂಬಕ್ಕೆ ಕೊಕ್ಕೆ ಹಾಕಿದರೆ 2003ರ ವಿದ್ಯುತ್ ಕಾಯ್ದೆಯ 135ನೇ ಕಲಂ, ಮೂರು ವರ್ಷದವರೆಗೆ ಜೈಲು. ಲೈಟಿನ ಕಬ್ಬಿಣದ ಕಂಬಗಳಿಗೆ ಅರ್ಥಿಂಗ್, ಬೋರ್ಡಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಕಡಿತ ಮಾಡುವ ಸ್ವಿಚ್ಚು) ಹಾಕದ ಎಲೆಕ್ಟ್ರಿಷಿಯನ್‌ನನ್ನು ಬಿಟ್ಟು ಬೇರೆಯವರನ್ನು ಹುಡುಕಿ. ನೀರು ಚಿಮುಕಿಸಿದ ಅಂಕಣದ ಪಕ್ಕ ಬರಿಗಾಲಿನ ಹುಡುಗರಿರುತ್ತಾರೆ.

ಗ್ಯಾಲರಿ

ಸಾಧ್ಯವಾದರೆ ಬೇಡ. ಇಳಿಜಾರಿರುವ ಮೈದಾನ ಹುಡುಕಿ, ಮುಂದಿನವರನ್ನು ನೆಲಕ್ಕೆ, ಹಿಂದಿನವರನ್ನು ಕುರ್ಚಿಗೆ ಕೂರಿಸಿ. 2021ರ ಮಾರ್ಚ್‌ನಲ್ಲಿ ತೆಲಂಗಾಣದ ಸೂರ್ಯಾಪೇಟೆಯಲ್ಲಿ ಜೂನಿಯರ್ ರಾಷ್ಟ್ರೀಯ ಕಬಡ್ಡಿಯ ತಾತ್ಕಾಲಿಕ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಅದು ರಾಷ್ಟ್ರೀಯ ಮಟ್ಟದ ಕೂಟ. ಊರ ಪಂದ್ಯಕ್ಕೆ ಅಡಿಕೆ ಮರದಲ್ಲಿ ಕಟ್ಟುವುದು ಇನ್ನೂ ಬಡಕಲು.

ಲೆಕ್ಕ ನೋಡಿ. 20 ಅಡಿ ಉದ್ದದ ಒಂದು ಸಾಲಿನಲ್ಲಿ ಒತ್ತಾಗಿ ಕೂತರೆ 13 ಜನ. ಏಳು ಸಾಲಿಗೆ 91. ತಲೆಗೆ 65 ಕೆ.ಜಿ. ಹಿಡಿದರೂ ಆರು ಟನ್‌ನ ಹತ್ತಿರ, ಅಂದರೆ ತುಂಬಿದ ಲಾರಿಯ ಭಾರ. ಕೂತಿರುವ ತನಕ ಈ ಭಾರ ನೇರ ಕೆಳಗೆ ಇಳಿಯುತ್ತದೆ, ಕಂಬಗಳು ತಡೆಯುತ್ತವೆ. ಕೊನೇ ರೇಡಿಗೆ ಎಲ್ಲರೂ ಒಟ್ಟಿಗೆ ಎದ್ದು ಒಂದೇ ಕಡೆ ವಾಲಿದಾಗ ಭಾರ ಅಡ್ಡಕ್ಕೆ ತಳ್ಳುತ್ತದೆ. ನೆಟ್ಟಗೆ ನಿಂತ ಕಂಬಗಳು ಎಷ್ಟೇ ದಪ್ಪ ಇರಲಿ, ಓರೆ ಕಂಬಗಳಿಲ್ಲದಿದ್ದರೆ ಇಡೀ ಚೌಕಟ್ಟು ಇಸ್ಪೀಟೆಲೆಯ ಮನೆಯ ಹಾಗೆ ಪಕ್ಕಕ್ಕೆ ಮಲಗುತ್ತದೆ. ಆದ್ದರಿಂದ ಉದ್ದಕ್ಕೂ ಅಗಲಕ್ಕೂ ಕತ್ತರಿ ಆಕಾರದ ಆಸರೆ ಬೇಕೇ ಬೇಕು. ಇನ್ನೊಂದು ತಪ್ಪು ನಾರಿನ ಹಗ್ಗ: ಹಸಿಯಾಗಿ ಬಿಗಿದದ್ದು ಒಣಗಿ ಸಡಿಲವಾಗುತ್ತದೆ. ಕಬ್ಬಿಣದ ಪೈಪು, ಕ್ಲಾಂಪು ಬಾಡಿಗೆಗೆ ತರುವುದೇ ಕ್ಷೇಮ. ಮರವೇ ಆದರೆ ಪ್ರತಿ ಕಂಬವನ್ನೂ ಸುತ್ತಿಗೆಯಲ್ಲಿ ಬಡಿದು ನೋಡಿ. ಟೊಳ್ಳು ಸದ್ದು ಬಂದದ್ದು ಹುಳು ತಿಂದದ್ದು. ಮಳೆ ಬಿದ್ದ ನೆಲದಲ್ಲಿ ಕಂಬದ ಬುಡಕ್ಕೆ ಚಪ್ಪಡಿ ಕಲ್ಲು ಕೊಡಿ. ಐದು ಸಾಲಿಗಿಂತ ಎತ್ತರ ಬೇಡ, ಅಡಿಯಲ್ಲಿ ಮಕ್ಕಳು ನುಸುಳದಂತೆ ಜಾಲರಿ ಕಟ್ಟಿ, ಏಣಿಯ ಬಳಿ ಇಬ್ಬರನ್ನು ನಿಲ್ಲಿಸಿ ತಲೆ ಎಣಿಸಿ ಹತ್ತಿಸಿ. ಎಂಜಿನಿಯರ್ ಒಬ್ಬರಿಂದ ಲಿಖಿತ ಪ್ರಮಾಣಪತ್ರ ಪಡೆಯಿರಿ. ಕಟ್ಟಿ ಮುಗಿದ ಮೇಲೆ ನೋಡಿ ಕೊಟ್ಟದ್ದು, ನಕ್ಷೆ ನೋಡಿ ಕೊಟ್ಟದ್ದಲ್ಲ.

ಕುಸಿದು ಪ್ರಾಣ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106(1): ಐದು ವರ್ಷದವರೆಗೆ ಸಜೆ. ಹಳೆಯ ದಂಡ ಸಂಹಿತೆಯಲ್ಲಿ ಇದು ಎರಡು ವರ್ಷ ಇತ್ತು. ಕುಟುಂಬದವರೊಂದಿಗೆ ರಾಜಿಯಾದರೂ ಕೆಳಗಿನ ಕೋರ್ಟಿನಲ್ಲಿ ಅದು ರಾಜಿಯಾಗುವ ಅಪರಾಧವಲ್ಲ. ಗುತ್ತಿಗೆ ಶಾಮಿಯಾನದವನಿಗೆ ಕೊಟ್ಟಿದ್ದೇವೆ ಎಂದರೆ ಅವನೂ ಆರೋಪಿ, ನೀವೂ ಆರೋಪಿ. ತನಿಖಾಧಿಕಾರಿಗೆ ಹೆಸರು ಹುಡುಕುವ ಕಷ್ಟವಿಲ್ಲ, ಕರಪತ್ರದಲ್ಲಿ ಫೋಟೊ ಸಮೇತ ಅಚ್ಚಾಗಿವೆ. ಗೌರವಾಧ್ಯಕ್ಷರಾಗಲು ಒಪ್ಪುವವರು ಮೊದಲು ಗ್ಯಾಲರಿ ಅಲುಗಾಡಿಸಿ ನೋಡಲಿ.

ಅಂಕಣ ಪುರುಷರಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರಿಗೆ 12 ಮತ್ತು 8. ಸುತ್ತ ನಾಲ್ಕು ಮೀಟರ್ ಖಾಲಿ ಬಿಡಿ. ಕುರ್ಚಿ, ಕ್ಯಾಮೆರಾ, ಸ್ಪೀಕರ್ ಯಾವುದೂ ಅದರೊಳಗೆ ಬರಕೂಡದು.

ದುಡ್ಡು

ಸಂಘ ನೋಂದಣಿಯಾಗಿಲ್ಲದಿದ್ದರೆ ಅದರ ಹೆಸರಲ್ಲಿ ದಾವೆ ಹೂಡಲಾಗದು, ಸಾಲ ಮಾತ್ರ ಪದಾಧಿಕಾರಿಗಳ ತಲೆಗೆ ಬರುತ್ತದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸಾಕು. ಕಾರ್ಯದರ್ಶಿಯ ಸ್ವಂತ ಯುಪಿಐಗೆ ವಂತಿಗೆ ಹಾಕಿಸಿಕೊಳ್ಳುವ ಪದ್ಧತಿ ಬಿಡಿ. ವರ್ಷದ ನಂತರ ಲೆಕ್ಕ ಕೇಳಿದಾಗ ಅದು ನಂಬಿಕೆ ದ್ರೋಹದ ದೂರಾಗುತ್ತದೆ. ಹಣ ಕೂಡಿಸಲು 100 ರೂಪಾಯಿಯ ಅದೃಷ್ಟ ಚೀಟಿ ಮಾರಿ ಬೈಕ್ ಇಡುವುದು ಲಾಟರಿ. ಕರ್ನಾಟಕದಲ್ಲಿ ಲಾಟರಿ 2007ರಿಂದ ನಿಷೇಧ, ನ್ಯಾಯ ಸಂಹಿತೆಯ 297ನೇ ಕಲಂ ಬೇರೆ ಇದೆ. ದುಡ್ಡಿನ ಆನ್‌ಲೈನ್ ಆಟದ ಆ್ಯಪ್‌ಗಳು ಜೆರ್ಸಿ ಕೊಡಲು ಬಂದರೂ ಬೇಡ ಎನ್ನಿ, 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಅವುಗಳ ಜಾಹೀರಾತನ್ನೇ ನಿಷೇಧಿಸಿದೆ. ಫ್ಲೆಕ್ಸ್ ಬದಲು ಬಟ್ಟೆ ಬ್ಯಾನರ್.

ವಿಮೆಯನ್ನು ಎರಡು ಕೇಳಿ: ಆಟಗಾರರಿಗೆ ವೈಯಕ್ತಿಕ ಅಪಘಾತ, ಪ್ರೇಕ್ಷಕರಿಗಾಗಿ ಸಾರ್ವಜನಿಕ ಹೊಣೆ. ಪಾಲಿಸಿಯಲ್ಲಿ ತಾತ್ಕಾಲಿಕ ಗ್ಯಾಲರಿಯನ್ನು ಹೊರಗಿಟ್ಟಿದ್ದಾರೆಯೇ ಎಂದು ಓದಿ.

ವೇದಿಕೆಯ ಮೇಲೆ ಬಾಗಿಲಿನಷ್ಟು ದೊಡ್ಡ ಥರ್ಮೊಕೋಲ್ ಚೆಕ್ ಹಿಡಿದು ಫೋಟೊ ತೆಗೆಸಿಕೊಂಡರೆ ಬಹುಮಾನ ಸಂದ ಹಾಗಾಗುವುದಿಲ್ಲ. ಅದೇ ರಾತ್ರಿ ಬ್ಯಾಂಕ್ ವರ್ಗಾವಣೆ ಮಾಡಿ, ನಾಯಕ ಮತ್ತು ತಂಡದ ವ್ಯವಸ್ಥಾಪಕ ಇಬ್ಬರಿಂದಲೂ ರಸೀದಿಗೆ ಸಹಿ ಪಡೆಯಿರಿ. ಪಂದ್ಯದ ವಿಡಿಯೊವನ್ನು ಮೂರು ವರ್ಷ ಇಟ್ಟುಕೊಳ್ಳಿ, ಯಾವ ಫೋನಿನಲ್ಲಿ ಯಾರು ತೆಗೆದದ್ದು ಎಂದು ಬರೆದಿಡಿ. ಕೋರ್ಟಿಗೆ ಅದನ್ನು ಹಾಜರುಪಡಿಸುವಾಗ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರಕ್ಕೆ ಆ ವಿವರ ಬೇಕಾಗುತ್ತದೆ.