ಮಗು ಕಳೆದುಕೊಂಡ ಗಂಡ ಹೆಂಡತಿಯ ಪ್ರೇಮಕಥೆ ಬರೆಯೋದು ಹೇಗೆ?

ಕಾದಂಬರಿಯನ್ನು ಸಾವಿನಿಂದ ಶುರು ಮಾಡಬೇಡಿ. ವರ್ಷ ಕಳೆದ ಮೇಲಿನ ಒಂದು ಮಾಮೂಲಿ ದಿನ ಸಾಕು.

ಇಬ್ಬರೂ ಜೊತೆಗೆ ಕೂರಲೇಬೇಕಾದ ಕೆಲಸವೊಂದನ್ನು ಹುಡುಕಿ. ನಾನು ಬರೆಯುತ್ತಿರುವ ಜೋಡಿ ಶಿರಸಿ ಕಡೆಯವರು. ದೀಪಾವಳಿ ಕಳೆದು ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ನಡೆದಿದೆ. ಕೊಯ್ದ ಹಸಿ ಅಡಿಕೆ ಕಾಯುವುದಿಲ್ಲ. ಮುನಿಸಿದ್ದರೂ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಸುಲಿಯಬೇಕು. ಕೈಗೆ ಕೆಲಸ ಇದ್ದಾಗ ಮುಖ ನೋಡದೆ ಮಾತಾಡಬಹುದು, ಅಲ್ವಾ?

"ರೀ, ಆ ಸ್ವೆಟರ್ ಯಾರಿಗಾದ್ರೂ ಕೊಡೋಣ್ವಾ?"

ಅವನ ಕೈ ನಿಲ್ಲುತ್ತದೆ. "ಈ ಚಳಿಗಾಲ ಒಂದು ಇರಲಿ."

ಇಲ್ಲಿ ಅಳು ತರಬೇಡಿ. ಅವಳು ಬೇಗ ಸುಧಾರಿಸಿಕೊಳ್ಳಲಿ, ಅವನು ನಿಧಾನ. ಜಗಳ ಅಲ್ಲಿಂದಲೇ ಹುಟ್ಟಲಿ. ಅಪ್ಪುಗೆಗೆ ಆತುರ ಬೇಡ. ಅವಳ ಕಿತ್ತ ಚಪ್ಪಲಿಯನ್ನು ಅವನು ಹೇಳದೇ ಹೊಲಿಸಿ ತರಲಿ.

ನೆಂಟರ ಬುದ್ಧಿಮಾತು ಜಾಸ್ತಿ ಬೇಡ. ಇನ್ನೊಂದು ಮಗು ಹುಟ್ಟಿಸಿ ಕಥೆ ಮುಗಿಸಲೇಬೇಡಿ. ಹೋದ ಮಗುವಿಗೆ ಅದು ಅನ್ಯಾಯ.